ಆನ್‌ಲೈನ್ ಲೋಕದಲ್ಲಿ ಆರೋಗ್ಯದ ಮಾತು: ಬೋರ್ಡ್ ನೆಟ್ಟು ಬಂದ್ರೆ ಯಾರೂ ಓದಲ್ಲ

(ಆರೋಗ್ಯ ಕಾರ್ಯಕರ್ತರು, ಲೈಬ್ರೇರಿಯನ್‌ಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತು. ಸ್ಲೈಡ್ ತೋರಿಸಿದ ಕಡೆ ಒಂದೆರಡು ವಾಕ್ಯ ಸೇರಿಸಿದೀನಿ, ಉಳಿದದ್ದು ಬಾಯಿಗೆ ಬಂದ ಹಾಗೇ ಇದೆ.)

ಎಲ್ರಿಗೂ ನಮಸ್ಕಾರ. ನಂಗೆ ಕೊಟ್ಟಿರೋ ವಿಷಯ ವರ್ಚುವಲ್ ಲೋಕಗಳಲ್ಲಿ ಆರೋಗ್ಯ ಮಾಹಿತಿ. ಅಂದ್ರೆ ಒಂದು ಅವತಾರ್, ಪರದೆ ಮೇಲೆ ನಮ್ಮ ಬದಲು ಓಡಾಡೋ ಗೊಂಬೆ, ಮಾಡ್ಕೊಂಡು ಒಳಗೆ ಹೋಗಿ ಓಡಾಡ್ತಾ, ಹಾರಾಡ್ತಾ, ಮುಖ ಪರಿಚಯ ಇಲ್ದೋರ ಜೊತೆ ಹರಟೆ ಹೊಡೆಯೋ ಜಾಗಗಳು ಇದಾವಲ್ಲ, ಸೆಕೆಂಡ್ ಲೈಫ್, ರೋಬ್ಲಾಕ್ಸ್, ವಿಆರ್‌ಚಾಟ್, ಮೈನ್‌ಕ್ರಾಫ್ಟ್ ಸರ್ವರ್‌ಗಳು, ಅಂಥ ಕಡೆ ರೋಗಗಳ ಬಗ್ಗೆ ತಿಳುವಳಿಕೆ ಕೊಡೋದು ಹೇಗೆ ಅಂತ. ನನ್ನ ಅಭಿಪ್ರಾಯ ಸ್ವಲ್ಪ ಖಾರ, ಮೊದಲೇ ಹೇಳ್ಬಿಡ್ತೀನಿ. ಸಂಸ್ಥೆಗಳು ಅಲ್ಲಿಗೆ ಹೋದಾಗ ಮಾಡಿದ ಮೊದಲನೇ ಕೆಲಸ ಕಟ್ಟಡ ಕಟ್ಟಿದ್ದು. ಚೆಂದದ ಆಸ್ಪತ್ರೆ, ಗಾಜಿನ ಗೋಡೆ, ಗೋಡೆ ತುಂಬ ಪೋಸ್ಟರ್, ಪೋಸ್ಟರ್ ಕ್ಲಿಕ್ ಮಾಡಿದ್ರೆ ವೆಬ್‌ಸೈಟ್. ಆ ವೆಬ್‌ಸೈಟ್‌ಗೆ ಹೋಗೋಕೆ ಅವತಾರ್ ಯಾಕೆ ಬೇಕು ಹೇಳಿ, ಬ್ರೌಸರ್ ಸಾಕಲ್ವಾ?

ಸ್ವಲ್ಪ ಹಿಂದಕ್ಕೆ ಹೋಗೋಣ. ಸೆಕೆಂಡ್ ಲೈಫ್ ಶುರುವಾಗಿದ್ದು 2003ರಲ್ಲಿ, ಲಿಂಡೆನ್ ಲ್ಯಾಬ್ ಅನ್ನೋ ಸ್ಯಾನ್ ಫ್ರಾನ್ಸಿಸ್ಕೋದ ಕಂಪನಿ ಮಾಡಿದ್ದು. ಅದು ಗೇಮ್ ಅಲ್ಲ, ಗೆಲ್ಲೋದು ಸೋಲೋದು ಏನೂ ಇಲ್ಲ, ಜಾಗ ಬಾಡಿಗೆಗೆ ತಗೊಂಡು ಏನು ಬೇಕಾದ್ರೂ ಕಟ್ಬಹುದು. 2006ರ ಹೊತ್ತಿಗೆ ಪತ್ರಿಕೆಗಳಲ್ಲೆಲ್ಲ ಅದರದ್ದೇ ಸುದ್ದಿ, ಬ್ಯಾಂಕು, ಕಾರ್ ಕಂಪನಿ, ಯೂನಿವರ್ಸಿಟಿ ಎಲ್ಲಾ ಮುಗಿಬಿದ್ದು ಹೋದ್ವು. ಆರೋಗ್ಯದೋರೂ ಹೋದ್ರು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಅದೇ ವರ್ಷ ಒಳಗೆ ಕಾಲಿಟ್ಟಿತು. ಅಲ್ಲಿನ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ ದುಡ್ಡು ಕೊಟ್ಟು, ಇಲಿನಾಯ್ಸ್‌ನ ಲೈಬ್ರೇರಿಯನ್‌ಗಳ ಒಂದು ಒಕ್ಕೂಟ ಹೆಲ್ತ್‌ಇನ್ಫೋ ಐಲ್ಯಾಂಡ್ ಅಂತ ಸೆಕೆಂಡ್ ಲೈಫ್ ಒಳಗೆ ಒಂದು ದ್ವೀಪನೇ ಮಾಡಿತು. 2009ರಲ್ಲಿ ವರದಿ ಪ್ರಕಟಿಸಿದ ಒಂದು ಸಂಶೋಧಕರ ತಂಡ ಸೆಕೆಂಡ್ ಲೈಫ್‌ನಲ್ಲಿ ಆರೋಗ್ಯದ ಜಾಗಗಳು ಎಷ್ಟಿವೆ ಅಂತ ಹುಡುಕಿ ನೋಡಿದಾಗ 68 ಸಿಕ್ವು, ಅದರಲ್ಲಿ ಸುಮಾರು ಅರ್ಧ ಬರೀ ಮಾಹಿತಿ ಮತ್ತು ಜಾಗೃತಿಗೆ ಅಂತಲೇ ಇದ್ದಂಥವು.

ದುಡ್ಡಿನ ಲೆಕ್ಕನೂ ಕೇಳಿ. ಆಗ ಒಂದು ಸ್ವಂತ ದ್ವೀಪ ಬೇಕು ಅಂದ್ರೆ ಮೊದಲಿಗೆ 1,675 ಡಾಲರ್, ಆಮೇಲೆ ತಿಂಗಳು ತಿಂಗಳು 295 ಡಾಲರ್. ಶಾಲೆ, ಸೇವಾ ಸಂಸ್ಥೆಗಳಿಗೆ ಅರ್ಧ ರೇಟ್ ಇತ್ತು. 2010ರ ಕೊನೇಲಿ ಆ ರಿಯಾಯಿತಿ ತೆಗೀತೀವಿ ಅಂದ್ರು, ಎಷ್ಟೋ ಸಂಸ್ಥೆಗಳು ಗಂಟುಮೂಟೆ ಕಟ್ಟಿದ್ವು. 2013ರಲ್ಲಿ ವಾಪಸ್ ಕೊಟ್ರು, ಆದ್ರೆ ಹೋದೋರು ಹೋಗಿಯಾಗಿತ್ತು. ಬೇರೆಯವರ ಜಾಗದಲ್ಲಿ ಮನೆ ಕಟ್ಟಿದ್ರೆ ಆಗೋದೇ ಹೀಗೆ, ಓನರ್ ಮನಸ್ಸು ಬದಲಾಯಿಸಿದ ದಿನ ನಿಮ್ಮ ಲೈಬ್ರರಿನೂ ಇಲ್ಲ, ಪೋಸ್ಟರೂ ಇಲ್ಲ.

ಹಾಗಾದ್ರೆ ಅಲ್ಲಿ ಕೆಲಸಕ್ಕೆ ಬಂದದ್ದು ಏನೂ ಇಲ್ವಾ? ಇದೆ, ಚೆನ್ನಾಗೇ ಇದೆ. ನಾನು ನೋಡಿದ ಮಟ್ಟಿಗೆ ಎರಡು ಥರದ್ದು ಮಾತ್ರ ಕೆಲಸ ಮಾಡುತ್ತೆ. ಒಂದು, ನೋಡೋಕೆ ಬಂದೋರಿಗೇ ಏನಾದ್ರೂ ಆಗ್ಬೇಕು, ಅವರ ಅವತಾರ್‌ಗೇ. ಇನ್ನೊಂದು, ಅಲ್ಲಿ ಯಾರಾದ್ರೂ ಮನುಷ್ಯರು ಇರ್ಬೇಕು, ಕೇಳಿದ್ದಕ್ಕೆ ಉತ್ತರ ಕೊಡೋಕೆ.

ಮೊದಲನೇದಕ್ಕೆ ನಂಗೆ ತುಂಬಾ ಇಷ್ಟವಾದ ಉದಾಹರಣೆ ವೈವಿಲ್. 1999ರಲ್ಲಿ ಶುರುವಾದ ಮಕ್ಕಳ ಆನ್‌ಲೈನ್ ಊರು ಅದು, ಎಂಟರಿಂದ ಹದಿನೈದು ಹದಿನಾರರ ತನಕದ ಹುಡುಗ ಹುಡುಗೀರು ಬರ್ತಿದ್ರು. ಅಲ್ಲಿ ಅವತಾರ್ ಅಂದ್ರೆ ಬರೀ ಮುಖ. ಕಣ್ಣು, ಮೂಗು, ಕೂದಲು ಎಲ್ಲಾ ಬಿಡಿಬಿಡಿಯಾಗಿ ಸಿಗುತ್ತೆ, ಮಕ್ಕಳೇ ಬಿಡಿಸಿ ಒಬ್ಬರಿಗೊಬ್ಬರು ಮಾರ್ಕೋತಾರೆ, ಅಲ್ಲಿನ ದುಡ್ಡಿಗೆ ಕ್ಲ್ಯಾಮ್ ಅಂತಾರೆ. ಆ ವಯಸ್ಸಲ್ಲಿ ಮುಖ ಅಂದ್ರೆ ಏನು ಅಂತ ನಾನು ಹೇಳ್ಬೇಕಾ, ಒಂದು ಮೊಡವೆ ಬಂದ್ರೆ ಮಕ್ಕಳು ಕನ್ನಡಿ ಮುಂದಿಂದ ಏಳಲ್ಲ. 2002ರಲ್ಲಿ ಆ ಊರು ನಡೆಸೋರು ವೈಪಾಕ್ಸ್ ಅನ್ನೋ ಒಂದು ರೋಗ ಒಳಗೆ ಬಿಟ್ರು. ಹತ್ತಿದೋರ ಮುಖದ ಮೇಲೆ ಕೆಂಪು ಕೆಂಪು ಗುಳ್ಳೆ. ಅಷ್ಟೇ ಅಲ್ಲ, ನೀವು ಚಾಟ್‌ನಲ್ಲಿ ಏನೋ ಟೈಪ್ ಮಾಡ್ತಾ ಇದ್ರೆ ಮಾತಿನ ಮಧ್ಯ ಮಧ್ಯ ತಾನಾಗೇ 'ಆಕ್ಷೀ' ಅಂತ ಸೀನು ಬೀಳುತ್ತೆ, ಹೇಳಬೇಕಾದ ಮಾತು ಅರ್ಧಕ್ಕೇ ನಿಲ್ಲುತ್ತೆ. ಅಂದ್ರೆ ಅಂದ ಹೋಯ್ತು, ಮಾತೂ ಕೆಟ್ಟಿತು, ಆ ಊರಲ್ಲಿ ಮಗುವಿಗೆ ಇದ್ದದ್ದೇ ಈ ಎರಡು.

ಯಾಸ್ಮಿನ್ ಕಫಾಯ್ ಅನ್ನೋ ಶಿಕ್ಷಣ ಸಂಶೋಧಕಿ ಇದನ್ನ ಬಹಳ ದಿನ ಹಿಂದೆ ಬಿದ್ದು ನೋಡಿದಾರೆ. ಮಕ್ಕಳು ಏನು ಮಾಡಿದ್ರು ಗೊತ್ತಾ, ಯಾರಿಂದ ಬಂತು, ಹತ್ತಿರ ನಿಂತ್ರೆ ಬರುತ್ತಾ, ಮಾತಾಡಿದ್ರೆ ಬರುತ್ತಾ, ಎಷ್ಟು ದಿನ ಇರುತ್ತೆ ಅಂತ ತಮ್ಮತಮ್ಮಲ್ಲೇ ಊಹೆ ಮಾಡ್ಕೊಂಡು ವಾದ ಮಾಡಿದ್ರು. ಊರೊಳಗೇ ಒಂದು ರೋಗ ನಿಯಂತ್ರಣ ಕೇಂದ್ರ ಇಟ್ಟಿದ್ರು, ಸೋಂಕು ಹೇಗೆ ಹರಡುತ್ತೆ ಅಂತ ಅಂಕಿ ಹಾಕಿ ನೋಡೋ ಸಿಮ್ಯುಲೇಟರ್ ಇತ್ತು ಅಲ್ಲಿ. ಅದು ಆರೋಗ್ಯವಾಗಿದ್ದಾಗ ಯಾರಿಗೂ ಬೇಡವಾದ ಮೂಲೆ, ಗುಳ್ಳೆ ಬಂದ ಮೇಲೆ ಜನ ಬಂದ್ರು. ನೋಡಿ, ಪೋಸ್ಟರ್ ಮೊದಲು ಇಟ್ಟು ರೋಗ ಆಮೇಲೆ ಅಂತಲ್ಲ, ರೋಗ ಮೊದಲು ಬಂತು, ಪ್ರಶ್ನೆ ತಾನಾಗೇ ಹುಟ್ಟಿತು, ಉತ್ತರ ಅಲ್ಲೇ ಪಕ್ಕದ ಬೀದೀಲಿ ರೆಡಿ ಇತ್ತು. 2006ರಲ್ಲಿ ಸಿಡಿಸಿಯೋರು ಇದೇ ವೈವಿಲ್ ಜೊತೆ ಸೇರ್ಕೊಂಡು ಫ್ಲೂ ಲಸಿಕೆ ಅಭಿಯಾನ ಮಾಡಿದ್ರು, ಅವತಾರ್‌ಗೆ ಲಸಿಕೆ ಹಾಕಿಸ್ಕೋಬಹುದು, ಹಾಕಿಸ್ಕೊಂಡೋರಿಗೆ ಅಲ್ಲಿನ ಫ್ಲೂ ಬರೋ ಸಾಧ್ಯತೆ ಕಡಿಮೆ. ಅದೇ ವರ್ಷ ಸೆಕೆಂಡ್ ಲೈಫ್‌ಗೂ ಹೋದ ಸಂಸ್ಥೆ ಇದು. ನನ್ನ ಕೇಳಿದ್ರೆ ಮಕ್ಕಳ ಊರಲ್ಲಿ ಮಾಡಿದ ಕೆಲಸನೇ ಮೇಲು.

ಇದೇ ಥರದ ಇನ್ನೊಂದು ಉದಾಹರಣೆ, ಯಾರೂ ಪ್ಲಾನ್ ಮಾಡದೇ ಆಗಿದ್ದು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅನ್ನೋ ಆನ್‌ಲೈನ್ ಗೇಮ್ ಆಡೋರು ಇಲ್ಲಿ ಒಂದಿಬ್ಬರು ಇದ್ದೇ ಇರ್ತೀರ, ನಿಮಗೆ ಗೊತ್ತಿರೋ ಕಥೆ. 2005ರ ಸೆಪ್ಟೆಂಬರ್ 13ಕ್ಕೆ ಜುಲ್'ಗುರುಬ್ ಅನ್ನೋ ಹೊಸ ಜಾಗ ತೆರೆದ್ರು, ಅಲ್ಲಿ ಹಕ್ಕಾರ್ ಅನ್ನೋ ದೊಡ್ಡ ಶತ್ರು ನಿಮ್ಮ ಮೇಲೆ ಕರಪ್ಟೆಡ್ ಬ್ಲಡ್ ಅನ್ನೋ ಶಾಪ ಹಾಕ್ತಾನೆ, ಜೀವ ಇಳೀತಾ ಹೋಗುತ್ತೆ, ಪಕ್ಕದಲ್ಲಿ ನಿಂತೋರಿಗೂ ಹತ್ತುತ್ತೆ. ಅದು ಆ ಜಾಗದ ಒಳಗೇ ಮುಗೀಬೇಕಿತ್ತು. ಆದ್ರೆ ಆಟಗಾರರ ಸಾಕುಪ್ರಾಣಿಗೆ ಹತ್ತಿದ್ದು ಹಾಗೇ ಉಳೀತಿತ್ತು, ಅದನ್ನ ಊರಿಗೆ ಬಂದು ಮತ್ತೆ ಹೊರಗೆ ಕರೆದ್ರೆ ಅಲ್ಲಿಂದ ಹರಡೋಕೆ ಶುರು. ಅಂಗಡಿ ಇಟ್ಕೊಂಡಿರೋ ಕಂಪ್ಯೂಟರ್ ಪಾತ್ರಗಳಿಗೆ ಹತ್ತಿದ್ರೂ ಅವು ಸಾಯಲ್ಲ, ಬಂದೋರಿಗೆಲ್ಲ ಹಂಚ್ತಾ ನಿಂತಿರ್ತಾವೆ. ದೊಡ್ಡ ಲೆವೆಲ್‌ನೋರು ಹೇಗೋ ತಡ್ಕೊಂಡ್ರು, ಹೊಸಬರು ಸೆಕೆಂಡುಗಳಲ್ಲಿ ಸತ್ತು ಬಿದ್ರು, ಐರನ್‌ಫೋರ್ಜ್ ಪಟ್ಟಣದ ಬೀದಿ ತುಂಬ ಎಲುಬು.

ಇದರಲ್ಲಿ ರೋಗಕ್ಕಿಂತ ಜನ ನಡ್ಕೊಂಡ ರೀತಿ ಮುಖ್ಯ. ವೈದ್ಯ ಪಾತ್ರ ಇದ್ದೋರು ಕೆಲವರು ಓಡಿ ಬಂದು ಗುಣ ಮಾಡೋಕೆ ನಿಂತ್ರು, ತಾವೂ ಹತ್ತಿಸ್ಕೊಂಡ್ರು, ಹಾಗೆ ಬದುಕಿಸಿದೋರಿಂದ ಇನ್ನಷ್ಟು ಹರಡಿತು. ಕೆಲವರು ಊರು ಬಿಟ್ಟು ಓಡಿದ್ರು. ಕೆಲವರು ಬೇಕಂತಲೇ ಜನ ಸೇರೋ ಕಡೆ ಹೋಗಿ ಹಂಚಿದ್ರು. ಇನ್ನು ಕೆಲವರು ಏನಾಗ್ತಿದೆ ನೋಡೋಣ ಅಂತ ಬರೀ ಕುತೂಹಲಕ್ಕೆ ಒಳಗೆ ಬಂದು ನೋಡಿ, ಅಂಟಿಸ್ಕೊಂಡು ಹೋದ್ರು. ಕಂಪನಿಯೋರು ಕ್ವಾರಂಟೈನ್ ಮಾಡೋಕೆ ನೋಡಿದ್ರು, ಯಾರೂ ಕೇಳ್ಲಿಲ್ಲ, ಕೊನೆಗೆ ಸರ್ವರ್ ರೀಸೆಟ್ ಮಾಡಿ ಕೋಡ್ ಬದಲಾಯಿಸಿ ನಿಲ್ಲಿಸಿದ್ರು. ಎರಿಕ್ ಲಾಫ್‌ಗ್ರೆನ್, ನೀನಾ ಫೆಫರ್‌ಮನ್ ಅನ್ನೋ ಇಬ್ಬರು 2007ರಲ್ಲಿ ಲ್ಯಾನ್ಸೆಟ್ ಇನ್‌ಫೆಕ್ಷಿಯಸ್ ಡಿಸೀಸಸ್ ಪತ್ರಿಕೇಲಿ ಇದರ ಬಗ್ಗೆ ಬರೆದು, ಸಾಂಕ್ರಾಮಿಕ ರೋಗದ ಲೆಕ್ಕಾಚಾರದಲ್ಲಿ ಮನುಷ್ಯರ ಇಂಥ ನಡವಳಿಕೆ ಹಿಡಿಯೋಕೆ ಈ ಲೋಕಗಳು ಸಹಾಯ ಮಾಡ್ಬಹುದು ಅಂದ್ರು. ಆಟದಲ್ಲಿ ಸತ್ರೆ ಮತ್ತೆ ಎದ್ದು ಬರಬಹುದು, ಅದಕ್ಕೇ ಜನ ಧೈರ್ಯ ಮಾಡ್ತಾರೆ, ನಿಜ ಜೀವನಕ್ಕೆ ಇದು ಹೊಂದಲ್ಲ ಅಂತ ಆಗ ಎಷ್ಟೋ ಜನ ಅಂದ್ರು. ಆ ಮಾತಲ್ಲೂ ಅರ್ಥ ಇದೆ. ಆದ್ರೂ 2020 ನೋಡಿದ ಮೇಲೆ ನಾವ್ಯಾರೂ ಆ ಕುತೂಹಲದೋರನ್ನ ನೋಡಿ ನಗಲ್ಲ ಬಿಡಿ.

2020 ಅಂದ ಕೂಡ್ಲೇ ಒಂದು ತಮಾಷೆ ನೆನಪಾಯ್ತು. 2019ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಭೆ ರೋಗಗಳ ಹೊಸ ಪಟ್ಟಿ ಒಪ್ಕೊಂಡಿತು, ಅದರಲ್ಲಿ ಗೇಮಿಂಗ್ ಡಿಸಾರ್ಡರ್, ಅಂದ್ರೆ ಗೇಮ್ ಆಡೋ ಗೀಳು, ಕೂಡ ಸೇರಿತ್ತು. ಒಂದು ವರ್ಷ ತುಂಬೋ ಮೊದಲೇ, 2020ರ ಮಾರ್ಚ್‌ನಲ್ಲಿ, ಅದೇ ಸಂಸ್ಥೆ ಗೇಮ್ ಕಂಪನಿಗಳ 'ಪ್ಲೇ ಅಪಾರ್ಟ್ ಟುಗೆದರ್' ಅಭಿಯಾನಕ್ಕೆ ಬೆನ್ನಿಗೆ ನಿಂತಿತು, ಮನೇಲೇ ಇರಿ, ಆನ್‌ಲೈನ್‌ನಲ್ಲಿ ಒಟ್ಟಿಗೆ ಆಡಿ ಅಂತ. ನಾನು ಇದನ್ನ ಎಡವಟ್ಟು ಅನ್ನಲ್ಲ, ಸರಿಯಾಗೇ ಮಾಡಿದ್ರು. ಜನ ಎಲ್ಲಿದಾರೋ ಅಲ್ಲಿಗೇ ಹೋದ್ರು, ಹೊಸ ದ್ವೀಪ ಕಟ್ಟಿ ಬನ್ನಿ ಬನ್ನಿ ಅಂತ ಕರೀಲಿಲ್ಲ.

ಈಗ ಮಾನಸಿಕ ಆರೋಗ್ಯದ ಕಡೆ ಬರೋಣ, ಇಲ್ಲಿ ಸ್ವಲ್ಪ ಹುಷಾರಾಗಿ ಮಾತಾಡ್ಬೇಕು. ಕ್ಯಾಲಿಫೋರ್ನಿಯಾ ಯೂನಿವರ್ಸಿಟಿ ಡೇವಿಸ್‌ನ ಮನೋವೈದ್ಯ ಪೀಟರ್ ಯೆಲ್ಲೋಲೀಸ್ ಅವರ ತಂಡ ಸೆಕೆಂಡ್ ಲೈಫ್‌ನಲ್ಲಿ ಒಂದು ವಾರ್ಡ್ ಕಟ್ಟಿತು. ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆ ಇದ್ದೋರ ಜೊತೆ ಕೂತು ಅವರಿಗೆ ಏನು ಕಾಣುತ್ತೆ, ಏನು ಕೇಳುತ್ತೆ ಅಂತ ವಿಚಾರಿಸಿ ಕಟ್ಟಿದ್ದು. ಒಳಗೆ ನಡೀತಾ ಹೋದ್ರೆ ಕಿವೀಲಿ ಬೈಯೋ ದನಿಗಳು ಶುರುವಾಗ್ತಾವೆ. ಪೇಪರ್ ನೋಡಿದ್ರೆ ಅದರ ಹೆಡ್‌ಲೈನ್‌ನಲ್ಲಿ ಸಾವು ಅನ್ನೋ ಪದ ಒಂದೇ ಎದ್ದು ಕಾಣುತ್ತೆ. ಕನ್ನಡಿಯಲ್ಲಿ ಮುಖ ಬತ್ತಿ ಹೋಗಿ ಕಣ್ಣಿಂದ ರಕ್ತ ಇಳಿಯುತ್ತೆ. ಕಾಲ ಕೆಳಗಿನ ನೆಲ ಮಾಯವಾಗುತ್ತೆ. ನೋಡಿ ಬಂದೋರಲ್ಲಿ 579 ಜನ ಪ್ರಶ್ನೆಪತ್ರಿಕೆ ತುಂಬಿದ್ರು, ಅದರಲ್ಲಿ ನೂರಕ್ಕೆ 76 ಜನ ಕಿವಿಗೆ ಕೇಳೋ ಭ್ರಮೆ ಅಂದ್ರೇನು ಅಂತ ಈಗ ಚೆನ್ನಾಗಿ ಅರ್ಥವಾಯ್ತು ಅಂದ್ರು. ಒಳ್ಳೇದು. ಆದ್ರೆ ಇವರೆಲ್ಲ ತಾವಾಗೇ ಹುಡುಕ್ಕೊಂಡು ಬಂದೋರು, ಹೊರಗೆ ಬಂದ ಬಿಸೀಲಿ ಉತ್ತರ ಕೊಟ್ಟೋರು, ಅದನ್ನ ಮರೀಬಾರದು.

ಇದಕ್ಕಿಂತ ನನ್ನ ತಲೆ ತಿಂದದ್ದು ಬೇರೆ. ಇಂಥ ಭ್ರಮೆ ತೋರಿಸೋ ಪ್ರಯೋಗಗಳು ಎಷ್ಟೋ ಕಡೆ ನಡೆದಿವೆ, ಅವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದೋರಿಗೆ ಕಂಡದ್ದು ಏನಂದ್ರೆ, ನೋಡಿದೋರಿಗೆ ಅಯ್ಯೋ ಪಾಪ ಅನ್ಸುತ್ತೆ, ಅದೇ ಹೊತ್ತಿಗೆ ಇಂಥೋರಿಂದ ಸ್ವಲ್ಪ ದೂರ ಇರೋಣ ಅಂತನೂ ಅನ್ಸುತ್ತೆ. ಎರಡೂ ಒಟ್ಟಿಗೆ. ಯಾಕೆ ಅಂದ್ರೆ ನೀವು ಹೊರಗಿನೋರಿಗೆ ರೋಗದ ಅತಿ ಭಯಂಕರ ಹತ್ತು ನಿಮಿಷ ತೋರಿಸಿದ್ರಿ, ಅದೇ ಮನುಷ್ಯ ಔಷಧಿ ತಗೊಂಡು ಕೆಲಸಕ್ಕೆ ಹೋಗೋದು, ತಂಗಿ ಜೊತೆ ಜಗಳ ಆಡೋದು, ಹರಟೆ ಹೊಡೆಯೋದು ಏನೂ ತೋರಿಸ್ಲಿಲ್ಲ. ಅನುಭವ ಕೊಡೋದು ಶಕ್ತಿಶಾಲಿ ನಿಜ, ಅದಕ್ಕೇ ಅದು ತಪ್ಪು ಕಡೆಗೂ ಅಷ್ಟೇ ಜೋರಾಗಿ ತಳ್ಳುತ್ತೆ. ಮಾಡೋರಿದ್ರೆ, ದಯವಿಟ್ಟು, ಬಾಗಿಲ ಹತ್ತಿರ ಆ ರೋಗದ ಜೊತೆ ಬದುಕ್ತಾ ಇರೋ ಒಬ್ಬರನ್ನ ಮಾತಾಡೋಕೆ ಕೂರಿಸಿ.

ಅವತಾರ್‌ಗೆ ಆಗಿದ್ದು ನಮಗೂ ತಟ್ಟುತ್ತಾ ಅಂತ ಕೇಳ್ತೀರ. ಸ್ಟ್ಯಾನ್‌ಫರ್ಡ್‌ನಲ್ಲಿ ಜೆಸ್ಸಿ ಫಾಕ್ಸ್ ಮತ್ತು ಜೆರೆಮಿ ಬೈಲೆನ್‌ಸನ್ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತಮ್ಮದೇ ಮುಖ ಇರೋ ಅವತಾರ್ ಓಡೋದನ್ನ ನೋಡಿದೋರು, ಬೇರೆಯವರ ಮುಖದ್ದು ಓಡೋದನ್ನ ನೋಡಿದೋರಿಗಿಂತ, ಮುಂದಿನ 24 ಗಂಟೇಲಿ ಹೆಚ್ಚು ವ್ಯಾಯಾಮ ಮಾಡಿದೀವಿ ಅಂದ್ರು. ಒಂದು ದಿನದ ಮಾತು ಅದು, ವರ್ಷದ ಮಾತಲ್ಲ. ಅಷ್ಟಕ್ಕೇ ಇಟ್ಕೊಳ್ಳೋಣ.

ಇನ್ನು ಎರಡನೇದು, ಮನುಷ್ಯರು. ಹೆಲ್ತ್‌ಇನ್ಫೋ ಐಲ್ಯಾಂಡ್‌ನಲ್ಲಿ ನಂಗೆ ಮೆಚ್ಚುಗೆಯಾದದ್ದು ಕಟ್ಟಡ ಅಲ್ಲ, ಲೈಬ್ರೇರಿಯನ್‌ಗಳು ಅವತಾರ್ ಆಗಿ ಇದ್ದು, ಯಾವ ಮಾಹಿತಿ ನಂಬಬಹುದು, ಎಲ್ಲಿ ಹುಡುಕ್ಬೇಕು ಅಂತ ಹೇಳ್ಕೊಡ್ತಿದ್ದದ್ದು. ವರ್ಚುವಲ್ ಎಬಿಲಿಟಿ ಅನ್ನೋ ಗುಂಪು ಇದೆ, ಅಂಗವಿಕಲತೆ, ದೀರ್ಘಕಾಲದ ಕಾಯಿಲೆ ಇರೋರದ್ದು, ಕಟ್ಟಿದ ಆಲಿಸ್ ಕ್ರೂಗರ್ ಅವರಿಗೇ ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನೋ ನರಗಳ ಕಾಯಿಲೆ. 2009ರಲ್ಲಿ ಲಿಂಡೆನ್ ಲ್ಯಾಬ್‌ನೋರು ಲಿಂಡೆನ್ ಪ್ರೈಜ್ ಅಂತ ಮೊದಲ ಸಲ ಕೊಟ್ಟಾಗ ಅದನ್ನ ಹಂಚ್ಕೊಂಡ ಎರಡು ಗುಂಪುಗಳಲ್ಲಿ ಇದೂ ಒಂದು. ಇವರು ಮೊದಲು ಕಲಿಸೋದು ರೋಗದ ಬಗ್ಗೆ ಅಲ್ಲ, ಒಂದೇ ಕೈಯಲ್ಲಿ ಕೀಬೋರ್ಡ್ ಬಳಸೋರು ಹೇಗೆ ನಡೀಬೇಕು, ಅಕ್ಷರ ದೊಡ್ಡದು ಮಾಡೋದು ಹೇಗೆ, ಇಂಥದ್ದು. 2007ರಲ್ಲಿ ಸೆಕೆಂಡ್ ಲೈಫ್‌ಗೆ ವಾಯ್ಸ್, ಅಂದ್ರೆ ದನಿಯಲ್ಲೇ ಮಾತಾಡೋ ಸೌಲಭ್ಯ, ಬಂದಾಗ ಎಲ್ರಿಗೂ ಖುಷಿ, ಅಲ್ಲಿ ತನಕ ಟೈಪಿಂಗ್‌ನಲ್ಲಿ ಎಲ್ರಿಗೂ ಸಮ ಆಗಿದ್ದ ಕಿವಿ ಕೇಳದೋರಿಗೆ ಮಾತ್ರ ಒಮ್ಮೆಲೇ ಹೊರಗೆ ನಿಂತ ಹಾಗಾಯ್ತು. ಅದಕ್ಕೇ ಇವರ ಸಭೆಗಳಲ್ಲಿ ಮಾತು ಮತ್ತು ಟೈಪಿಂಗ್ ಎರಡೂ ನಡೆಯುತ್ತೆ. ನಾವು ಆರೋಗ್ಯದ ಕಾರ್ಯಕ್ರಮ ಮಾಡೋರು ಇಷ್ಟಾದ್ರೂ ಮಾಡ್ಬೇಕು.

ಸಕ್ಕರೆ ಕಾಯಿಲೆಯ ಒಂದು ಅಧ್ಯಯನನೂ ಹೇಳ್ಬೇಕು. ಅಮೆರಿಕದ ಬಾಸ್ಟನ್‌ನಲ್ಲಿ ಡಯಾಬಿಟಿಸ್ ಇದ್ದ 89 ಕಪ್ಪು ಮಹಿಳೆಯರನ್ನ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎದುರೆದುರು ಕ್ಲಾಸು, ಇನ್ನೊಂದಕ್ಕೆ ಸೆಕೆಂಡ್ ಲೈಫ್ ಒಳಗೆ ಅದೇ ಕ್ಲಾಸು, 8 ವಾರ. ಎರಡೂ ಹೆಚ್ಚುಕಮ್ಮಿ ಒಂದೇ ಥರ ಕೆಲಸ ಮಾಡಿತು. ಆನ್‌ಲೈನ್ ಗೆಲ್ಲಲಿಲ್ಲವಲ್ಲ ಅಂತ ಮುಖ ಸಣ್ಣ ಮಾಡ್ಕೋಬೇಡಿ, ಬಸ್ಸು ಹತ್ತಿ ಬರೋಕಾಗದೋರಿಗೆ, ಮನೇಲಿ ಮಗು ಬಿಟ್ಟು ಬರೋಕಾಗದೋರಿಗೆ ಸಮ ಆಗೋದೇ ದೊಡ್ಡದು. ಇಲ್ಲೂ ನೋಡಿ, ಗುಂಪು ಇತ್ತು, ಹೇಳ್ಕೊಡೋರು ಇದ್ರು, ಪೋಸ್ಟರ್ ಅಲ್ಲ.

ಈಗ ಯಾರೂ ಮಾತಾಡದ ವಿಷಯ, ಗುಟ್ಟು. ಹೆಸರು ಹೇಳದೇ ಕೇಳ್ಬಹುದು ಅನ್ನೋ ಕಾರಣಕ್ಕೇ ಜನ ಲೈಂಗಿಕ ರೋಗ, ಎಚ್‌ಐವಿ ಇಂಥದ್ದನ್ನ ಅಲ್ಲಿ ಕೇಳ್ತಾರೆ ಅಂತ ನಾವು ಬಹಳ ಹೆಮ್ಮೆಯಿಂದ ಹೇಳ್ತೀವಿ. ಸೆಕೆಂಡ್ ಲೈಫ್‌ನಲ್ಲಿ ಸಾಮಾನ್ಯ ಚಾಟ್ 20 ಮೀಟರ್ ದೂರದ ತನಕ ಎಲ್ರಿಗೂ ಕಾಣುತ್ತೆ, ಶೌಟ್ ಒತ್ತಿದ್ರೆ 100 ಮೀಟರ್. ಹೊಸಬರಿಗೆ ಇದು ಗೊತ್ತಿರಲ್ಲ, ಡಾಕ್ಟರ್ ಮುಂದೆ ನಿಂತಿದೀನಿ ಅಂತ ತಿಳ್ಕೊಂಡು ಎಲ್ಲಾ ಟೈಪ್ ಮಾಡ್ತಾರೆ, ಗೋಡೆ ಆಚೆ ಇರೋನೂ ಓದ್ತಾನೆ, ಆ ಗೋಡೆ ಬರೀ ಚಿತ್ರ ಅಷ್ಟೇ. ಇನ್ನೊಂದು ಇದಕ್ಕಿಂತ ಕೆಟ್ಟದ್ದು, ಎಷ್ಟು ಜನ ಬಂದ್ರು ಅಂತ ಎಣಿಸೋಕೆ ಬಾಗಿಲಲ್ಲಿ ವಿಸಿಟರ್ ಕೌಂಟರ್ ಇಡ್ತಾರಲ್ಲ, ಅದರಲ್ಲಿ ಬಹಳಷ್ಟು ಅವತಾರ್ ಹೆಸರನ್ನೂ ಬರ್ಕೋತಾವೆ. ಅಂದ್ರೆ ಎಚ್‌ಐವಿ ಮಾಹಿತಿ ಕೇಂದ್ರದ ಹೊಸ್ತಿಲಲ್ಲಿ ಯಾರ್ಯಾರು ಬಂದ್ರು ಅಂತ ಒಂದು ಪಟ್ಟಿ ತಯಾರಾಗ್ತಾ ಇರುತ್ತೆ, ಯಾರೂ ಕೇಳಿದ್ದಲ್ಲ, ವರದಿಗೆ ನಂಬರ್ ಬೇಕು ಅಂತ ಇಟ್ಟಿದ್ದು. ಬರೀ ಸಂಖ್ಯೆ ಎಣಿಸೋ ಸ್ಕ್ರಿಪ್ಟ್ ಹಾಕಿ, ಹೆಸರು ಬೇಡ.

ಡಾಕ್ಟರ್ ಕೋಟು ಯಾವ ಅವತಾರ್ ಬೇಕಾದ್ರೂ ಹಾಕ್ಕೋಬಹುದು, ಅದಕ್ಕೆ ಪುಡಿಗಾಸು ಕೊಟ್ರೆ ಸಾಕು. ಹಾಗಾಗಿ ಯಾರು ಹೇಳ್ತಿದಾರೆ, ಯಾವ ಸಂಸ್ಥೆ, ಯಾವಾಗ ಕೊನೇ ಸಲ ತಿದ್ದಿದ್ದು ಅನ್ನೋದನ್ನ ಬಂದೋರ ಅವತಾರ್‌ಗೆ ಕೊಡೋ ನೋಟ್‌ಕಾರ್ಡ್, ಅಂದ್ರೆ ಮಾಹಿತಿ ಚೀಟಿ, ಅದರ ಮೇಲೇ ಬರೀಬೇಕು. ಐದು ವರ್ಷದ ಹಿಂದಿನ ಔಷಧಿ ಸಲಹೆ ಇವತ್ತೂ ಯಾರದೋ ಅವತಾರ್ ಚೀಲದಲ್ಲಿ ಹಾಗೇ ಕೂತಿರುತ್ತೆ, ನೀವು ಗೋಡೆ ಮೇಲಿನದ್ದು ತಿದ್ದಿದ್ರೂ ಅದು ಬದಲಾಗಲ್ಲ.

ಮಕ್ಕಳ ಜಾಗಗಳಿಗೆ ಹೋಗೋರಿಗೆ ಒಂದು ಮಾತು. ರೋಬ್ಲಾಕ್ಸ್ ಚಾಟ್‌ನಲ್ಲಿ ಫಿಲ್ಟರ್ ಇದೆ, ಫೋನ್ ನಂಬರ್ ಟೈಪ್ ಮಾಡಿದ್ರೆ ಹ್ಯಾಷ್ ಹ್ಯಾಷ್ ಅಂತ ಬರುತ್ತೆ. ಮಕ್ಕಳ ರಕ್ಷಣೆಗೆ ಇಟ್ಟಿದ್ದು, ಸರಿಯಾದದ್ದೇ, ಆದ್ರೆ ನೀವು ಒಳ್ಳೇ ಮನಸ್ಸಿಂದ ಹೆಲ್ಪ್‌ಲೈನ್ ನಂಬರ್ ಕೊಟ್ರೂ ಅದೇ ಗತಿ. ಮೊದಲೇ ಕಂಪನಿ ಜೊತೆ ಮಾತಾಡ್ಕೊಂಡು ಹೋಗಿ, ಅಲ್ಲಿ ಹೋಗಿ ಒದ್ದಾಡಬೇಡಿ.

ಕೊನೇಲಿ ಪ್ರಶ್ನೆಗಳು ಬಂದ್ವು. ಒಬ್ಬ ನರ್ಸಮ್ಮ ಕೇಳಿದ್ರು, "ಸರ್, ನಾನು ಅಲ್ಲಿ ಕೂತಿರೋವಾಗ ಯಾರಾದ್ರೂ ಎದೆ ನೋಯ್ತಿದೆ ಅಂತ ಟೈಪ್ ಮಾಡಿದ್ರೆ ಏನು ಮಾಡ್ಲಿ?" ಒಳ್ಳೇ ಪ್ರಶ್ನೆ, ಕಟ್ಟೋಕೆ ಮೊದಲೇ ಕೇಳ್ಬೇಕಾದ್ದು. ಆ ಮನುಷ್ಯ ಯಾವ ದೇಶದಲ್ಲಿದಾನೆ ಅಂತ ನಿಮಗೆ ಗೊತ್ತಿಲ್ಲ, ತಮಾಷೆ ಮಾಡ್ತಿದಾನೋ ಏನೋ ಅದೂ ಗೊತ್ತಿಲ್ಲ, ಎರಡನೇದನ್ನ ಯೋಚ್ನೆ ಮಾಡ್ಬೇಡಿ, ನಿಜ ಅಂತಲೇ ತಗೊಳ್ಳಿ. ಖಾಸಗಿ ಮೆಸೇಜ್‌ಗೆ ಕರೀರಿ, ರೋಗ ಏನು ಅಂತ ಹೇಳೋಕೆ ಹೋಗ್ಬೇಡಿ, ಮನೇಲಿ ಯಾರಿದಾರೆ ಕೇಳಿ, ಅವರನ್ನ ಕೂಗೋಕೆ ಹೇಳಿ, ಅವರ ದೇಶದ ತುರ್ತು ನಂಬರ್‌ಗೆ ಈಗಲೇ ಫೋನ್ ಮಾಡೋಕೆ ಹೇಳಿ. ದೇಶ ಹೇಳಿದ್ರೆ ನಂಬರ್ ಕೊಡೋಕೆ ಒಂದು ಪಟ್ಟಿ ನಿಮ್ಮ ಪಕ್ಕದಲ್ಲೇ ಇರ್ಲಿ. ಅವರು ಲಾಗ್‌ಔಟ್ ಆಗೋ ತನಕ ನೀವು ಎದ್ದು ಹೋಗ್ಬೇಡಿ. ಆಮೇಲೆ ಏನಾಯ್ತು ಅಂತ ನಿಮಗೆ ಬಹುಶಃ ಗೊತ್ತಾಗಲ್ಲ, ಅದಕ್ಕೆ ಈ ಕೆಲಸಕ್ಕೆ ಕೂರೋರನ್ನ ಒಬ್ಬರನ್ನೇ ಕೂರಿಸ್ಬೇಡಿ, ಇಬ್ಬರಿರಲಿ, ಶಿಫ್ಟ್ ಮುಗಿದ ಮೇಲೆ ಒಬ್ಬರಿಗೊಬ್ಬರು ಮಾತಾಡ್ಕೊಳ್ಳೋಕೆ ಸ್ವಲ್ಪ ಟೈಮ್ ಕೊಡಿ.